ಸಿಯೆರಾ ಹುಲ್ಲುಗಾವಲುಗಳ ಪುನಶ್ಚೇತನ: ಜಲಗುಣಮಟ್ಟದ ಪರವಾನಗಿ ಪಡೆಯುವ ಬಗೆ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳ ಎತ್ತರದ ಕಣಿವೆಗಳಲ್ಲಿ ಹಿಮ ಕರಗಿ ಇಳಿದ ನೀರು ಮೊದಲು ಹರಡಿ ನಿಲ್ಲುವುದು ಹುಲ್ಲುಗಾವಲುಗಳಲ್ಲಿ. ಅಲ್ಲಿ ಇಂಗಿದ ನೀರು ಬೇಸಿಗೆಯುದ್ದಕ್ಕೂ ನಿಧಾನವಾಗಿ ಒಸರಿ ಕೆಳಗಿನ ಹೊಳೆಗಳನ್ನು ಜೀವಂತವಾಗಿಡುತ್ತದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಕುರಿ, ದನಗಳನ್ನು ಮಿತಿಮೀರಿ ಮೇಯಿಸಿದ್ದು, ನೀರು ಬಸಿದುಹೋಗಲೆಂದು ಕಾಲುವೆ ತೋಡಿದ್ದು, ರಸ್ತೆ ಮತ್ತು ರೈಲು ಹಳಿಗಳಿಗಾಗಿ ತೊರೆಗಳನ್ನು ಒಂದು ಬದಿಗೆ ತಳ್ಳಿದ್ದು ಇವೆಲ್ಲ ಸೇರಿ ಅನೇಕ ಹುಲ್ಲುಗಾವಲುಗಳಲ್ಲಿ ತೊರೆಯು ತನ್ನ ಪಾತ್ರವನ್ನು ತಾನೇ ಕೊರೆದುಕೊಂಡು ಕೆಳಗಿಳಿದಿದೆ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ 2016ರಲ್ಲಿ ಸೇರಿದ ಅಕರ್ಸನ್ ಹುಲ್ಲುಗಾವಲಿನಲ್ಲಿ ಇಂಥ ಕೊರಕಲು ಕೆಲವೆಡೆ ಸುಮಾರು 14 ಅಡಿ ಆಳ, 100 ಅಡಿ ಅಗಲದಷ್ಟು ಬೆಳೆದಿತ್ತು. ಪಾತ್ರ ಕುಸಿದಂತೆ ಅಂತರ್ಜಲವೂ ಕುಸಿಯುತ್ತದೆ. ಜೌಗಿನ ಹುಲ್ಲು ಒಣಗಿ, ಅದರ ಜಾಗದಲ್ಲಿ ಒಣನೆಲದ ಪೊದೆಗಳೂ ಪೈನ್ ಸಸಿಗಳೂ ಏಳುತ್ತವೆ. ಬೇ ಏರಿಯಾದಲ್ಲಿ ನೆಲೆಸಿರುವ ಕನ್ನಡಿಗರಿಗೂ ಇದು ದೂರದ ಸಂಗತಿಯಲ್ಲ. ಸ್ಯಾನ್ ಫ್ರಾನ್ಸಿಸ್ಕೋಗೆ ನೀರು ಕೊಡುವ ಟುವಾಲಮಿ ನದಿಯೂ, ಓಕ್‌ಲ್ಯಾಂಡ್ ಭಾಗಕ್ಕೆ ನೀರು ಕೊಡುವ ಮೊಕೆಲಮಿ ನದಿಯೂ ಹುಟ್ಟುವುದು ಇದೇ ಪರ್ವತಗಳಲ್ಲಿ.

ಈ ಹಾಳಾದ ನೆಲವನ್ನು ಸರಿಪಡಿಸಲು ಹೊರಟ ಭೂಸಂರಕ್ಷಣಾ ಸಂಸ್ಥೆಗಳು, ಜಿಲ್ಲಾ ಸಂಪನ್ಮೂಲ ಸಂರಕ್ಷಣಾ ಮಂಡಳಿಗಳು, ಜಮೀನುದಾರರು ಮತ್ತು ಅವರೊಂದಿಗೆ ಕೆಲಸ ಮಾಡುವ ಇಂಜಿನಿಯರುಗಳಿಗೆ ಮೊದಲು ಎದುರಾಗುವ ಪ್ರಶ್ನೆ ಪರವಾನಗಿಯದು. ಅರ್ಜಿ ಬರೆಯುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಇದರಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದ ಮಾತೊಂದಿದೆ: ನಿರ್ಮಾಣದ ನಂತರದ ವರ್ಷಗಳಲ್ಲಿ ನಡೆಯುವ ದುರಸ್ತಿಯನ್ನೂ ನಿರ್ವಹಣೆಯನ್ನೂ ಮೊದಲ ಅರ್ಜಿಯಲ್ಲೇ ಸೇರಿಸಬೇಕು. ಹುಲ್ಲುಗಾವಲಿನ ಕೆಲಸ ಯಂತ್ರಗಳು ಹಿಂದಿರುಗಿದ ದಿನಕ್ಕೆ ಮುಗಿಯುವುದಿಲ್ಲ, ಆದರೆ ಹೆಚ್ಚಿನ ಅರ್ಜಿಗಳು ಅಲ್ಲಿಗೇ ಮುಗಿಯುತ್ತವೆ.

ಒಳ್ಳೆಯ ಕೆಲಸಕ್ಕೂ ಪರವಾನಗಿ ಏಕೆ

ಕೊರಕಲನ್ನು ಮಣ್ಣಿನಿಂದ ಮುಚ್ಚುವುದು, ತೊರೆಗೆ ಅಡ್ಡಲಾಗಿ ಕಂಬ ನೆಟ್ಟು ವಿಲೋ ಕೊಂಬೆಗಳನ್ನು ಹೆಣೆಯುವುದು, ಮರದ ದಿಮ್ಮಿಗಳನ್ನು ಪಾತ್ರದಲ್ಲಿ ಇರಿಸುವುದು ಇವೆಲ್ಲವೂ ಕಾನೂನಿನ ಕಣ್ಣಿನಲ್ಲಿ ನೀರಿಗೆ ವಸ್ತುವನ್ನು ಸೇರಿಸುವ ಕ್ರಿಯೆಗಳೇ. 1972ರ ಶುದ್ಧ ಜಲ ಕಾಯ್ದೆಯ ಸೆಕ್ಷನ್ 404ರ ಪ್ರಕಾರ, ಒಕ್ಕೂಟದ, ಅಂದರೆ ಅಮೆರಿಕದ ಕೇಂದ್ರ ಸರ್ಕಾರದ, ವ್ಯಾಪ್ತಿಗೆ ಸೇರಿದ ನೀರಿನಲ್ಲಿ ಹೂಳೆತ್ತಿದ ಮಣ್ಣನ್ನಾಗಲಿ ತುಂಬುವ ವಸ್ತುವನ್ನಾಗಲಿ ಹಾಕಲು ಸೇನೆಯ ಇಂಜಿನಿಯರಿಂಗ್ ವಿಭಾಗವಾದ ಆರ್ಮಿ ಕೋರ್ ಆಫ್ ಇಂಜಿನಿಯರ್ಸ್‌ನ (ಮುಂದೆ ‘ಕೋರ್’) ಪರವಾನಗಿ ಬೇಕು. ಆ ಪರವಾನಗಿ ಊರ್ಜಿತವಾಗಬೇಕಾದರೆ, ಕೆಲಸವು ರಾಜ್ಯದ ಜಲಗುಣಮಟ್ಟದ ನಿಯಮಗಳಿಗೆ ಅನುಗುಣವಾಗಿದೆ ಎಂಬ ಪ್ರಮಾಣೀಕರಣವನ್ನು ಅದೇ ಕಾಯ್ದೆಯ ಸೆಕ್ಷನ್ 401ರಡಿ ರಾಜ್ಯವು ನೀಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಈ ಅಧಿಕಾರ ಇರುವುದು ರಾಜ್ಯ ಜಲಸಂಪನ್ಮೂಲ ನಿಯಂತ್ರಣ ಮಂಡಳಿಗೆ ಮತ್ತು ಅದರ ಜೊತೆಗಿರುವ ಒಂಬತ್ತು ಪ್ರಾದೇಶಿಕ ಜಲಗುಣಮಟ್ಟ ಮಂಡಳಿಗಳಿಗೆ. ಸಿಯೆರಾದ ಪಶ್ಚಿಮದ ಇಳಿಜಾರಿನ ಬಹುಪಾಲು ಸೆಂಟ್ರಲ್ ವ್ಯಾಲಿ ಮಂಡಳಿಗೂ, ಟಾಹೋ ಸರೋವರ ಹಾಗೂ ಟ್ರಕೀ ನದಿ ಸೇರಿದಂತೆ ಪೂರ್ವದ ಇಳಿಜಾರು ಲಹಾಂಟನ್ ಮಂಡಳಿಗೂ ಸೇರುತ್ತದೆ.

ಒಕ್ಕೂಟದ ವ್ಯಾಪ್ತಿ ಇಲ್ಲದ ಕಡೆ ರಾಜ್ಯದ ಅಪ್ಪಣೆಯೂ ಬೇಡ ಎಂದು ಭಾವಿಸುವವರಿದ್ದಾರೆ, ಅದು ತಪ್ಪು. 2023ರ ಮೇ ತಿಂಗಳಲ್ಲಿ ಸ್ಯಾಕೆಟ್ ಪ್ರಕರಣದ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಹೊಳೆ ಅಥವಾ ಸರೋವರದೊಂದಿಗೆ ನೆಲದ ಮೇಲೆ ಅವಿಚ್ಛಿನ್ನವಾದ ಜಲಸಂಪರ್ಕವಿರುವ ಜೌಗು ಪ್ರದೇಶಗಳಿಗೆ ಮಾತ್ರ ಒಕ್ಕೂಟದ ಅಧಿಕಾರವನ್ನು ಸೀಮಿತಗೊಳಿಸಿತು. ಹೀಗಾಗಿ ತೊರೆಯಿಂದ ಕಡಿದುಹೋದ ಅನೇಕ ಹುಲ್ಲುಗಾವಲುಗಳು ಆ ವ್ಯಾಪ್ತಿಯಿಂದ ಹೊರಗುಳಿಯಬಹುದು. ಆದರೆ ಕ್ಯಾಲಿಫೋರ್ನಿಯಾದ 1969ರ ಪೋರ್ಟರ್–ಕೊಲೋನ್ ಕಾಯ್ದೆಯು ರಾಜ್ಯದ ಎಲ್ಲ ನೀರನ್ನೂ, ಅಂತರ್ಜಲವನ್ನೂ ಒಳಗೊಳ್ಳುತ್ತದೆ. ರಾಜ್ಯ ಮಂಡಳಿ 2019ರಲ್ಲಿ ಅಂಗೀಕರಿಸಿ 2020ರ ಮೇ 28ರಿಂದ ಜಾರಿಗೆ ತಂದ ಜೌಗು ಪ್ರದೇಶದ ವ್ಯಾಖ್ಯೆಯೂ ಕಾರ್ಯವಿಧಾನವೂ ಇದಕ್ಕೆ ಆಧಾರವಾಗಿವೆ. ಒಕ್ಕೂಟದ ಪರವಾನಗಿ ಬೇಡದ ಕಡೆಯೂ ರಾಜ್ಯದ ವಿಸರ್ಜನಾ ಷರತ್ತುಗಳ ಆದೇಶ, ಅಂದರೆ ನೀರಿಗೆ ವಸ್ತು ಸೇರಿಸುವುದಕ್ಕೆ ಷರತ್ತು ವಿಧಿಸುವ ಆದೇಶ, ಬೇಕಾಗುತ್ತದೆ.

ಇದರ ಜೊತೆಗೆ ತೊರೆಯ ಪಾತ್ರವನ್ನೋ ದಂಡೆಯನ್ನೋ ಬದಲಿಸುವ ಕೆಲಸಕ್ಕೆ ಮೀನು ಮತ್ತು ವನ್ಯಜೀವಿ ಇಲಾಖೆಯೊಂದಿಗೆ ಒಪ್ಪಂದ ಬೇಕು. ಅದು ಆ ಇಲಾಖೆಯ ಸಂಹಿತೆಯ ಸೆಕ್ಷನ್ 1602ರ ಅಡಿಯಲ್ಲಿ ಬರುತ್ತದೆ. ಒಂದು ಎಕರೆ ಅಥವಾ ಅದಕ್ಕಿಂತ ಹೆಚ್ಚು ನೆಲವನ್ನು ಅಗೆದು ಕೆದಕುವುದಾದರೆ ನಿರ್ಮಾಣ ಸ್ಥಳದ ಮಳೆನೀರಿನ ಸಾಮಾನ್ಯ ಪರವಾನಗಿಯೂ ಅನ್ವಯಿಸಬಹುದು.

ಸರಿಯಾದ ದಾರಿಯನ್ನು ಆರಿಸುವುದು

ಪ್ರತಿ ಯೋಜನೆಗೂ ಪ್ರತ್ಯೇಕ ಪ್ರಮಾಣೀಕರಣ ಪಡೆಯುವ ದಾರಿ ಯಾವಾಗಲೂ ಇದೆ, ಆದರೆ ಪುನಶ್ಚೇತನದ ಕೆಲಸಕ್ಕೆ ಅದು ಕೊನೆಯ ಆಯ್ಕೆಯಾಗಬೇಕು. ಮೊದಲು ಎರಡು ಸಾಮಾನ್ಯ ಆದೇಶಗಳನ್ನು, ಅಂದರೆ ಒಂದೇ ಬಗೆಯ ಅನೇಕ ಕೆಲಸಗಳಿಗೆ ಒಟ್ಟಾಗಿ ಹೊರಡಿಸಿದ ಆದೇಶಗಳನ್ನು, ನೋಡಿ.

ಮೊದಲನೆಯದು ಸಣ್ಣ ಆವಾಸ ಪುನಶ್ಚೇತನ ಯೋಜನೆಗಳ ಸಾಮಾನ್ಯ ಆದೇಶ. ಯೋಜನೆಯ ವಿಸ್ತಾರ ಐದು ಎಕರೆಯನ್ನಾಗಲಿ, ಒಟ್ಟು 500 ಅಡಿ ಉದ್ದದ ದಂಡೆಯನ್ನಾಗಲಿ ಮೀರದಿದ್ದರೆ ಇದು ಒದಗುತ್ತದೆ. ಇದರ ಜೊತೆಗೆ 2014ರ ಆವಾಸ ಪುನಶ್ಚೇತನ ಕಾಯ್ದೆಯ ಲಾಭವೂ ಸಿಗುತ್ತದೆ: ಈ ಆದೇಶದಡಿ ಅನುಮತಿ ಪಡೆದ ಯೋಜನೆಗೆ ಮೀನು ಮತ್ತು ವನ್ಯಜೀವಿ ಇಲಾಖೆಯು ಪ್ರತ್ಯೇಕ ಒಪ್ಪಂದದ ಬದಲು 30 ದಿನಗಳೊಳಗೆ ತನ್ನ ನಿರ್ಧಾರವನ್ನು ತಿಳಿಸಬೇಕಾಗುತ್ತದೆ. ಆದರೆ ಕೆಲಸ ಸ್ವಯಂಪ್ರೇರಿತವಾಗಿರಬೇಕು. ಬೇರೊಂದು ಕಟ್ಟಡ ಕಾಮಗಾರಿಯ ಹಾನಿಗೆ ಪರಿಹಾರವಾಗಿಯೋ, ನ್ಯಾಯಾಲಯದ ಆದೇಶದ ಮೇರೆಗೋ ಮಾಡುವ ಕೆಲಸಕ್ಕೆ ಈ ದಾರಿ ಇಲ್ಲ.

ಎರಡನೆಯದು ರಾಜ್ಯ ಮಂಡಳಿ 2022ರ ಆಗಸ್ಟ್ 16ರಂದು ಅಂಗೀಕರಿಸಿದ ರಾಜ್ಯವ್ಯಾಪಿ ಪುನಶ್ಚೇತನ ಸಾಮಾನ್ಯ ಆದೇಶ. ದೊಡ್ಡ ಹುಲ್ಲುಗಾವಲುಗಳಿಗೆ ಇದೇ ಸೂಕ್ತ. ನೆರೆಬಯಲಿನ ಪುನಶ್ಚೇತನ, ಪಕ್ಕದ ಕವಲುಗಳನ್ನು ಮತ್ತೆ ತೆರೆಯುವುದು, ಸಸ್ಯಗಳನ್ನು ಬಳಸಿ ದಂಡೆ ಭದ್ರಪಡಿಸುವುದು, ಮೀನು ದಾಟಲಾಗದ ಮೋರಿಗಳನ್ನು ಬದಲಿಸುವುದು, ಸಣ್ಣ ಅಣೆಕಟ್ಟುಗಳನ್ನು ತೆಗೆಯುವುದು, ಹೊರಗಿನಿಂದ ಬಂದ ಆಕ್ರಮಣಕಾರಿ ಸಸ್ಯಗಳನ್ನು ನಿವಾರಿಸಿ ಸ್ಥಳೀಯ ಗಿಡಗಳನ್ನು ನೆಡುವುದು ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಆದೇಶವು ಸೆಕ್ಷನ್ 401ರ ಪ್ರಮಾಣೀಕರಣವಾಗಿಯೂ ರಾಜ್ಯದ ವಿಸರ್ಜನಾ ಷರತ್ತುಗಳ ಆದೇಶವಾಗಿಯೂ ಏಕಕಾಲಕ್ಕೆ ಕೆಲಸ ಮಾಡುವುದರಿಂದ, ಸ್ಯಾಕೆಟ್ ತೀರ್ಪಿನ ನಂತರ ಹುಲ್ಲುಗಾವಲಿನ ಯಾವ ತುಂಡು ಯಾರ ವ್ಯಾಪ್ತಿಗೆ ಸೇರಿದೆ ಎಂಬ ಗೊಂದಲದಿಂದ ಅರ್ಜಿದಾರ ಬಹಳ ಮಟ್ಟಿಗೆ ಪಾರಾಗುತ್ತಾನೆ. ಎರಡೂ ಆದೇಶಗಳಲ್ಲಿ ನೀವು ಸಲ್ಲಿಸುವುದು ಉದ್ದೇಶದ ಸೂಚನಾಪತ್ರ. ಮಂಡಳಿ ಉತ್ತರವಾಗಿ ನೀಡುವುದು ಆದೇಶ ನಿಮಗೆ ಅನ್ವಯಿಸುತ್ತದೆ ಎಂಬ ಪತ್ರ. ಆ ಪತ್ರ ಕೈಗೆ ಬರುವವರೆಗೆ ಒಂದು ಕಂಬವನ್ನೂ ನೆಡಬಾರದು.

ಕೋರ್‌ನ ಕಡೆಯಿಂದ ಇಂಥ ಕೆಲಸಗಳಿಗೆ ಸಾಮಾನ್ಯವಾಗಿ ಬಳಕೆಯಾಗುವುದು ರಾಷ್ಟ್ರವ್ಯಾಪಿ ಪರವಾನಗಿ ಸಂಖ್ಯೆ 27. ಈ ಪರವಾನಗಿಗಳನ್ನು ಐದು ವರ್ಷಗಳಿಗೊಮ್ಮೆ ಹೊಸದಾಗಿ ಹೊರಡಿಸುತ್ತಾರೆ. ನಿಮ್ಮ ಕೆಲಸ ನಡೆಯುವ ವರ್ಷದಲ್ಲಿ ಯಾವ ಆವೃತ್ತಿ ಜಾರಿಯಲ್ಲಿರುತ್ತದೆ ಎಂಬುದನ್ನು ನೋಡಿಕೊಂಡು ಅದರ ಷರತ್ತುಗಳನ್ನೇ ಓದಿ.

ಪರಿಸರ ಪರಿಶೀಲನೆ ಮುಗಿಯದೆ ಮಂಡಳಿ ಯಾವ ಅನುಮತಿಯನ್ನೂ ನೀಡಲಾರದು. ಕ್ಯಾಲಿಫೋರ್ನಿಯಾ ಪರಿಸರ ಗುಣಮಟ್ಟ ಕಾಯ್ದೆಯಲ್ಲಿ ಐದು ಎಕರೆಯೊಳಗಿನ ಆವಾಸ ಪುನಶ್ಚೇತನಕ್ಕೆಂದೇ ಒಂದು ವಿನಾಯಿತಿ ವರ್ಗವಿದೆ. ದೊಡ್ಡ ಯೋಜನೆಗಳಿಗಾಗಿ 2021ರಲ್ಲಿ ಶಾಸನಬದ್ಧ ವಿನಾಯಿತಿಯೊಂದು ಬಂದಿದ್ದು, ಅದಕ್ಕೆ ಮೀನು ಮತ್ತು ವನ್ಯಜೀವಿ ಇಲಾಖೆಯ ನಿರ್ದೇಶಕರ ಸಹಮತ ಬೇಕು. 2022ರ ಆದೇಶದ ಜೊತೆಗೆ ರಾಜ್ಯ ಮಂಡಳಿಯೇ ಸಿದ್ಧಪಡಿಸಿದ ಸಮಗ್ರ ಪರಿಸರ ಪರಿಣಾಮ ವರದಿಯನ್ನೂ ಆಧರಿಸಬಹುದು.

ಅರ್ಜಿಗೆ ಮೊದಲಿನ ಮಾತುಕತೆ

ಪ್ರಾದೇಶಿಕ ಮಂಡಳಿಯ ಸಿಬ್ಬಂದಿಯನ್ನು ವಿನ್ಯಾಸ ಇನ್ನೂ ಕರಡಾಗಿರುವಾಗಲೇ ಸ್ಥಳಕ್ಕೆ ಕರೆಯಿರಿ. ಪ್ರಮಾಣೀಕರಣ ಕೋರುವ ಮೊದಲು ಪೂರ್ವಭಾವಿ ಸಭೆಗೆ ಮನವಿ ಸಲ್ಲಿಸುವುದು ಒಕ್ಕೂಟದ ನಿಯಮದಲ್ಲೂ ಇದೆ. ಆದರೆ ಔಪಚಾರಿಕ ಸಭೆಗಿಂತ ಕೊರಕಲಿನ ಅಂಚಿನಲ್ಲಿ ನಿಂತು ಆಡುವ ಮಾತು ಹೆಚ್ಚು ಉಪಯುಕ್ತ. ಕುಸಿದ ದಂಡೆಯನ್ನೂ, ಅದರ ಮೇಲೆ ಒಣಗಿ ನಿಂತ ಹುಲ್ಲನ್ನೂ ಕಣ್ಣಾರೆ ಕಂಡ ಅಧಿಕಾರಿಗೆ ನೂರು ಪುಟಗಳ ವರದಿಯಲ್ಲಿ ಹೇಳಲಾಗದ್ದು ತಾನಾಗಿಯೇ ಅರ್ಥವಾಗುತ್ತದೆ. ಆ ದಿನವೇ ಕೋರ್‌ನವರೂ ವನ್ಯಜೀವಿ ಇಲಾಖೆಯವರೂ ಜೊತೆಗೆ ಬರುವಂತೆ ಮಾಡಿದರೆ, ಮುಂದೆ ಮೂರು ಕಚೇರಿಗಳು ಮೂರು ಬಗೆಯ ವಿನ್ಯಾಸ ಕೇಳುವ ಸಂಕಟ ತಪ್ಪುತ್ತದೆ.

ಆ ನೆಲದ ಮೂಲನಿವಾಸಿ ಸಮುದಾಯದವರೊಂದಿಗೂ ಇದೇ ಹಂತದಲ್ಲಿ ಮಾತನಾಡಬೇಕು, ವಿನ್ಯಾಸ ಅಂತಿಮವಾದ ಮೇಲಲ್ಲ. ಪ್ಲೂಮಸ್ ಕೌಂಟಿಯ ತಾಸ್ಮಮ್ ಕೊಯೋಮ್ ಕಣಿವೆ 2019ರಲ್ಲಿ ಪರ್ವತ ಮೈಡು ಜನರಿಗೆ ಮರಳಿತು. 2023ರ ಅಕ್ಟೋಬರ್‌ನಲ್ಲಿ ವನ್ಯಜೀವಿ ಇಲಾಖೆ ಅವರೊಂದಿಗೆ ಸೇರಿ ಕೊಂಬೆಗಳಿಂದ ತೊರೆಗೆ ಒಡ್ಡು ಕಟ್ಟುವ ಪ್ರಾಣಿಗಳಾದ ಬೀವರ್‌ಗಳ ಏಳು ಸದಸ್ಯರ ಕುಟುಂಬವೊಂದನ್ನು ಅಲ್ಲಿ ಬಿಟ್ಟಿತು. ನೀರನ್ನು ತಡೆದು ಹರಡುವ ಕೆಲಸದಲ್ಲಿ ಬೀವರ್‌ಗೆ ಸಮನಾದ ಇಂಜಿನಿಯರ್ ಇಲ್ಲ, ಆ ನೆಲದ ಹಳೆಯ ನೀರಿನ ನೆನಪು ಉಳಿದಿರುವುದೂ ಅಲ್ಲಿನ ಜನರಲ್ಲೇ.

ನಕ್ಷೆ ಮತ್ತು ಲೆಕ್ಕ

ಅರ್ಜಿಯ ಹೃದಯಭಾಗ ಜೌಗು ಪ್ರದೇಶದ ಗಡಿ ಗುರುತಿಸಿದ ನಕ್ಷೆ. ಮಣ್ಣು, ಸಸ್ಯ, ನೀರು ಈ ಮೂರರ ಗುರುತುಗಳನ್ನೂ ಆಧರಿಸಿ ತರಬೇತಿ ಪಡೆದವರು ಇದನ್ನು ಮಾಡಬೇಕು, ಅದೂ ಗಿಡಗಳನ್ನು ಗುರುತಿಸಬಹುದಾದ ಋತುವಿನಲ್ಲಿ. ಹಿಮ ಬಿದ್ದ ಮೇಲೆ ನೆನಪಾದರೆ ಒಂದು ವರ್ಷವೇ ಕೈಬಿಟ್ಟುಹೋಗುತ್ತದೆ. ನಕ್ಷೆಯಲ್ಲಿ ತೊರೆಯ ಸಾಮಾನ್ಯ ಉಚ್ಚ ಜಲಮಟ್ಟದ ಗೆರೆ, ಯಂತ್ರಗಳು ಓಡಾಡುವ ದಾರಿ, ಮಣ್ಣು ರಾಶಿ ಹಾಕುವ ಜಾಗ, ಇಂಧನ ತುಂಬುವ ಜಾಗ ಇವೆಲ್ಲವೂ ಕಾಣಬೇಕು.

ಅನಂತರ ತಾತ್ಕಾಲಿಕ ಪರಿಣಾಮ, ಶಾಶ್ವತ ಪರಿಣಾಮ ಎಂದು ಬೇರ್ಪಡಿಸಿ ಎಕರೆ, ಅಡಿ ಉದ್ದ, ಘನಗಜ ಈ ಮೂರು ಅಳತೆಗಳಲ್ಲೂ ಲೆಕ್ಕ ಕೊಡಬೇಕು. ಉದಾಹರಣೆಗೆ, ಬೀವರ್ ಒಡ್ಡಿನ ಮಾದರಿಯಲ್ಲಿ ಕಂಬ ನೆಟ್ಟು ಕೊಂಬೆ ಹೆಣೆದು ಮಾಡುವ 20 ಒಡ್ಡುಗಳನ್ನು ಯೋಜಿಸಿದ್ದೀರಿ, ಪ್ರತಿಯೊಂದೂ ತೊರೆಗೆ ಅಡ್ಡಲಾಗಿ 30 ಅಡಿ ಉದ್ದ ಮತ್ತು ಹರಿವಿನ ದಿಕ್ಕಿನಲ್ಲಿ 6 ಅಡಿ ಅಗಲವಿದೆ ಎಂದುಕೊಳ್ಳಿ. ಒಟ್ಟು 3,600 ಚದರ ಅಡಿ, ಅಂದರೆ ಎಕರೆಯ ಹನ್ನೆರಡನೆಯ ಒಂದು ಭಾಗದಷ್ಟು ಜಾಗದಲ್ಲಿ ಮಾತ್ರ ವಸ್ತು ತುಂಬುತ್ತೀರಿ. ತೊರೆಯ ಉದ್ದಕ್ಕೆ ಲೆಕ್ಕ ಹಾಕಿದರೆ 120 ಅಡಿ. ಆದರೆ ಒಡ್ಡಿನ ಹಿಂದೆ ನೀರು ನಿಂತು ಎಕರೆಗಟ್ಟಲೆ ಹುಲ್ಲು ನೆನೆಯುತ್ತದೆ. ಅದು ತುಂಬುವಿಕೆ ಅಲ್ಲ, ಆದರೂ ಒಣಹುಲ್ಲಿನ ನೆಲ ಜೌಗಾಗಿ, ಹರಿಯುವ ತೊರೆ ಕೊಳವಾಗಿ ಬದಲಾಗುವುದನ್ನು ಅರ್ಜಿಯಲ್ಲಿ ಬೇರೆಯಾಗಿಯೇ ವಿವರಿಸಬೇಕು. ಈ ಎರಡನ್ನೂ ಒಂದೇ ಸಂಖ್ಯೆಯಾಗಿ ಬರೆದರೆ ಯೋಜನೆ ಸಣ್ಣ ಆದೇಶದ ಮಿತಿಯನ್ನು ಮೀರಿದಂತೆ ತೋರಬಹುದು. ಎರಡನೆಯದನ್ನು ಬಿಟ್ಟೇಬಿಟ್ಟರೆ ಮುಚ್ಚಿಟ್ಟಂತಾಗುತ್ತದೆ. ಮಿತಿಯನ್ನು ಯಾವ ಅಳತೆಯಲ್ಲಿ ಎಣಿಸುತ್ತಾರೆ ಎಂಬುದನ್ನು ಪೂರ್ವಭಾವಿ ಸಭೆಯಲ್ಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕೆಳಗಿನ ಜಮೀನುಗಳಿಗೆ ನೀರಿನ ಹಕ್ಕು ಇದ್ದರೆ ಅದನ್ನೂ ಇಲ್ಲೇ ಪರಿಶೀಲಿಸಿ. ಫೆದರ್ ನದಿಯ ಜಲಾನಯನದಲ್ಲಿ 1990ರ ದಶಕದಿಂದ ಬಳಕೆಗೆ ಬಂದ ವಿಧಾನದಲ್ಲಿ, ಕೊರಕಲಿನ ಬದಿಯಲ್ಲೇ ಕೊಳಗಳನ್ನು ಅಗೆದು, ಆ ಮಣ್ಣಿನಿಂದ ಕೊರಕಲನ್ನು ಅಲ್ಲಲ್ಲಿ ಮುಚ್ಚುತ್ತಾರೆ. ಅಲ್ಲಿ ಹೊಸ ಕೊಳಗಳೇ ಹುಟ್ಟುವುದರಿಂದ ಕೆಳಗಿನ ರೈತರು ಪ್ರಶ್ನೆ ಕೇಳುವುದು ಸಹಜ.

ಬಗ್ಗಡದ ಮಿತಿ

ನೀರಿನಲ್ಲಿ ಕೆಲಸ ಮಾಡುವಾಗ ಮಂಡಳಿ ಮುಖ್ಯವಾಗಿ ಗಮನಿಸುವುದು ಬಗ್ಗಡವನ್ನು. ಪ್ರತಿ ಪ್ರಾದೇಶಿಕ ಮಂಡಳಿಗೂ ತನ್ನದೇ ಜಲಾನಯನ ಯೋಜನೆ ಇದೆ, ಮಿತಿಗಳು ಅದರಲ್ಲಿರುತ್ತವೆ. ಸೆಂಟ್ರಲ್ ವ್ಯಾಲಿಯ ಯೋಜನೆಯಲ್ಲಿ ನೈಸರ್ಗಿಕ ಬಗ್ಗಡ 1ರಿಂದ 5 ಎನ್‌ಟಿಯು (ಬಗ್ಗಡ ಅಳೆಯುವ ಮಾನ) ಇದ್ದಾಗ ಹೆಚ್ಚಳ 1 ಎನ್‌ಟಿಯು ಮೀರಬಾರದು. 5ರಿಂದ 50ರ ನಡುವೆ ಇದ್ದಾಗ ಶೇ 20ರಷ್ಟು. 50ರಿಂದ 100ರ ನಡುವೆ 10 ಎನ್‌ಟಿಯು. ಅದಕ್ಕೂ ಮೇಲಿದ್ದರೆ ಶೇ 10. ಲಹಾಂಟನ್‌ನಲ್ಲಿ ನೈಸರ್ಗಿಕ ಮಟ್ಟಕ್ಕಿಂತ ಶೇ 10ಕ್ಕೂ ಹೆಚ್ಚಾಗುವಂತಿಲ್ಲ.

ಈ ಸಂಖ್ಯೆಗಳ ಬಿಗಿಯನ್ನು ಸ್ಥಳದಲ್ಲಿ ನಿಂತು ನೋಡಿದಾಗಲೇ ತಿಳಿಯುವುದು. ಆಗಸ್ಟ್‌ನ ಬೆಟ್ಟದ ತೊರೆಯಲ್ಲಿ ಮೇಲ್ಗಡೆಯ ಅಳತೆ 3 ಎನ್‌ಟಿಯು ಬಂದರೆ, ಕೆಳಗಡೆ 4ರೊಳಗೆ ಇರಬೇಕು. ಎರಡು ಗಾಜಿನ ಸೀಸೆಗಳಲ್ಲಿ ಆ ಎರಡು ನೀರನ್ನು ತುಂಬಿ ಬೆಳಕಿಗೆ ಹಿಡಿದರೆ ಬರಿಗಣ್ಣಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಆದ್ದರಿಂದ ಸರಿಹೊಂದಿಸಿದ ಟರ್ಬಿಡಿಟಿ ಮೀಟರ್, ಕೆಲಸದ ಜಾಗದ ಮೇಲೊಂದು ಮತ್ತು ಕೆಳಗೊಂದು ನಿಗದಿತ ಬಿಂದು, ಅಳತೆಯ ವೇಳಾಪಟ್ಟಿ, ಮಿತಿ ಮೀರಿದಾಗ ಕೆಲಸ ನಿಲ್ಲಿಸಲು ಅಧಿಕಾರವಿರುವ ಒಬ್ಬ ವ್ಯಕ್ತಿ ಇವಿಷ್ಟೂ ನಿಮ್ಮ ನಿಗಾ ಯೋಜನೆಯಲ್ಲಿ ಇರಬೇಕು.

ಅತಿ ಹೆಚ್ಚು ಬಗ್ಗಡ ಏಳುವುದು ಅಗೆಯುವಾಗಲ್ಲ, ಒಣಗಿದ ಹೊಸ ಪಾತ್ರಕ್ಕೆ ಮೊದಲ ಬಾರಿಗೆ ನೀರು ಬಿಟ್ಟಾಗ. ಸಡಿಲ ಮಣ್ಣಿನ ನುಣುಪು ಕಣಗಳು ಒಮ್ಮೆಗೇ ಎದ್ದು, ನೀರು ಕೆಲಹೊತ್ತು ಹಾಲು ಬೆರೆಸಿದ ಚಹಾದಂತೆ ಹರಿಯುತ್ತದೆ. ಇದನ್ನು ತಗ್ಗಿಸಲು ಜಲ್ಲಿಚೀಲಗಳ ತಡೆಯನ್ನು ಒಮ್ಮೆಗೇ ತೆಗೆಯದೆ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿ, ಮೊದಲ ರಾಡಿ ನೀರನ್ನು ಪಂಪಿನಿಂದ ಎತ್ತಿ ದೂರದ ಹುಲ್ಲಿನ ಮೇಲೆ ಹಾಯಿಸಿ ಇಂಗಿಸಬೇಕು. ಇಷ್ಟು ಮಾಡಿದರೂ ಬಗ್ಗಡ ಕೆಲವು ಗಂಟೆ ಮಿತಿಯನ್ನು ದಾಟುವ ಸಾಧ್ಯತೆಯಿದ್ದರೆ ಅದನ್ನು ಮುಂಚಿತವಾಗಿ ಬರೆಯಿರಿ. ನೀರಿನ ಉಪಯೋಗಗಳಿಗೆ ಪೂರ್ಣ ರಕ್ಷಣೆ ಇರುವುದಾದರೆ ಸೂಕ್ತ ಅವಧಿಯ ಸರಾಸರಿಯನ್ನು ಅನ್ವಯಿಸಲು ಸೆಂಟ್ರಲ್ ವ್ಯಾಲಿಯ ಯೋಜನೆಯಲ್ಲಿ ಅವಕಾಶವಿದೆ. ಅದನ್ನು ಅರ್ಜಿಯಲ್ಲೇ ಕೋರಬೇಕು, ಮಿತಿ ಮೀರಿದ ಮೇಲೆ ಕೋರಿದರೆ ಅದು ಉಲ್ಲಂಘನೆಯ ವಿವರಣೆಯಾಗುತ್ತದೆ, ಅಷ್ಟೇ.

ಋತು ಮತ್ತು ವೇಳೆ

ಎತ್ತರದ ಹುಲ್ಲುಗಾವಲು ಯಂತ್ರದ ಭಾರ ತಾಳುವಷ್ಟು ಒಣಗುವುದು ಬೇಸಿಗೆಯ ಕೊನೆಗೆ. ವಿಲೋ ಪೊದೆಗಳಲ್ಲಿ ಗೂಡು ಕಟ್ಟುವ, ರಾಜ್ಯದಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿರುವ ವಿಲೋ ಫ್ಲೈಕ್ಯಾಚರ್ ಹಕ್ಕಿಯ ಮರಿಗಳು ಹಾರುವವರೆಗೂ ಕಾಯಬೇಕಾಗುತ್ತದೆ. ಟಾಹೋ ಜಲಾನಯನದಲ್ಲಿ ಅಕ್ಟೋಬರ್ 15ರಿಂದ ಮೇ 1ರವರೆಗೆ ಮಣ್ಣು ಕೆದಕುವುದಕ್ಕೆ ನಿರ್ಬಂಧವಿದೆ. ಅಲ್ಲಿ ಮತ್ತು ಟ್ರಕೀ ನದಿಯ ನೆರೆಬಯಲಿನಲ್ಲಿ ವಿಸರ್ಜನೆಗೆ ಲಹಾಂಟನ್ ಮಂಡಳಿಯ ನಿಷೇಧವೂ ಇದ್ದು, ಪುನಶ್ಚೇತನದ ಕೆಲಸಕ್ಕೆ ಅದರಿಂದ ವಿನಾಯಿತಿಯನ್ನು ಹೆಸರಿಸಿಯೇ ಕೇಳಬೇಕು. ಹೀಗೆ ಉಳಿಯುವುದು ವರ್ಷದಲ್ಲಿ ಕೆಲವೇ ವಾರಗಳು. ಪ್ರತ್ಯೇಕ ಪ್ರಮಾಣೀಕರಣಕ್ಕೆ ಕನಿಷ್ಠ 21 ದಿನಗಳ ಸಾರ್ವಜನಿಕ ಪ್ರಕಟಣೆ ಬೇಕು, ಮತ್ತು ಕಾಯ್ದೆಯಂತೆ ನಿರ್ಧಾರಕ್ಕೆ ಗರಿಷ್ಠ ಒಂದು ವರ್ಷದವರೆಗೆ ಸಮಯ ಹಿಡಿಯಬಹುದು. ಗುತ್ತಿಗೆದಾರರನ್ನು ವಸಂತದಲ್ಲೇ ಗೊತ್ತುಮಾಡಬೇಕಾದ್ದರಿಂದ, ಅರ್ಜಿ ಹಿಂದಿನ ವರ್ಷದ ಬೇಸಿಗೆಯ ಕೊನೆಗೇ ಸಿದ್ಧವಾಗಿರಬೇಕು.

ನಿರ್ವಹಣೆಯನ್ನು ಅರ್ಜಿಯಲ್ಲಿ ಬರೆಯುವುದು

ಕಂಬದ ಒಡ್ಡುಗಳು ಶಾಶ್ವತವಾಗಿ ನಿಲ್ಲಲೆಂದು ಕಟ್ಟಿದವಲ್ಲ. ಹಿಮ ಕರಗಿದ ಮೊದಲ ಪ್ರವಾಹದಲ್ಲಿ ಕೆಲವು ಪಕ್ಕದಿಂದ ಒಡೆದುಕೊಳ್ಳುತ್ತವೆ, ಕೆಲವು ಹೂಳು ತುಂಬಿ ಪಾತ್ರವನ್ನು ಮೇಲಕ್ಕೆತ್ತುತ್ತವೆ, ಕೆಲವನ್ನು ಬೀವರ್‌ಗಳೇ ವಹಿಸಿಕೊಳ್ಳುತ್ತವೆ. ಲಾಸೆನ್ ಭಾಗದ ಚೈಲ್ಡ್ಸ್ ಹುಲ್ಲುಗಾವಲಿನಂಥ ಕಡೆ ಈ ವಿಧಾನವನ್ನು ಬಳಸಿರುವುದು ಇದೇ ತಿಳಿವಳಿಕೆಯಿಂದ: ತೊರೆಯೇ ಕೆಲಸ ಮಾಡಲಿ, ಜನರು ಆಗಾಗ ಬಂದು ಕೈಜೋಡಿಸಲಿ. ಆದರೆ ಪರವಾನಗಿ ಒಂದೇ ಋತುವಿನ 20 ಒಡ್ಡುಗಳಿಗೆ ಮಾತ್ರ ಎಂದಿದ್ದರೆ, ಎರಡನೆಯ ವರ್ಷ ಕಿತ್ತುಹೋದ ಐದು ಕಂಬಗಳನ್ನು ಮತ್ತೆ ನೆಡುವುದೂ ಹೊಸ ಅರ್ಜಿಯಾಗುತ್ತದೆ. ಅದಕ್ಕೆ ಹಣವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ದುರಸ್ತಿ ಕಾಣದ ಒಡ್ಡುಗಳ ಸುತ್ತ ನೀರು ಹೊಸ ಕೊರಕಲು ಕೊರೆಯುವುದನ್ನು ನೋಡುತ್ತ ಕೂರುವುದು ಈ ಕೆಲಸ ಮಾಡುವವರಿಗೆ ಬಹಳ ನೋವಿನ ಸಂಗತಿ.

ಆದ್ದರಿಂದ ಯೋಜನೆಯ ವಿವರಣೆಯಲ್ಲೇ ನಿರ್ವಹಣೆಗೆ ಒಂದು ಅಧ್ಯಾಯವನ್ನು ಮೀಸಲಿಡಿ. ಎಷ್ಟು ವರ್ಷಗಳವರೆಗೆ, ವರ್ಷಕ್ಕೆ ಗರಿಷ್ಠ ಎಷ್ಟು ಒಡ್ಡುಗಳನ್ನು ದುರಸ್ತಿ ಮಾಡುತ್ತೀರಿ, ಅಗತ್ಯ ಬಿದ್ದರೆ ಎಷ್ಟು ಹೊಸವನ್ನು ಸೇರಿಸುತ್ತೀರಿ, ಯಾವ ಗಡಿಯೊಳಗೆ, ಯಾವ ತಿಂಗಳಲ್ಲಿ, ಕೈಯಿಂದಲೋ ಯಂತ್ರದಿಂದಲೋ ಎಂಬುದನ್ನು ಬರೆಯಿರಿ. ಆ ಗರಿಷ್ಠ ಪ್ರಮಾಣದ ಎಕರೆ, ಅಡಿ, ಘನಗಜಗಳನ್ನು ಮೊದಲ ಲೆಕ್ಕದಲ್ಲೇ ಕೂಡಿಸಿ. ದುರಸ್ತಿ ಯಾವಾಗ ಬೇಕು ಎಂಬುದಕ್ಕೂ ಮಾನದಂಡ ಕೊಡಿ: ಒಡ್ಡಿನ ಪಕ್ಕದಲ್ಲಿ ದಂಡೆ ಇಷ್ಟು ಅಡಿ ಕೊರೆದರೆ, ಕೊಳದ ಮಟ್ಟ ಇಷ್ಟು ಇಳಿದರೆ ಎಂಬಂತೆ. ಅಂಥ ಮಾನದಂಡವಿದ್ದರೆ ಅಧಿಕಾರಿಗೆ ಒಪ್ಪಿಗೆ ಕೊಡುವುದು ಸುಲಭ, ಏಕೆಂದರೆ ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆ ಎಂಬುದು ಅವರಿಗೆ ಸ್ಪಷ್ಟವಾಗಿರುತ್ತದೆ.

ಎಲ್ಲ ನಿರ್ವಹಣೆಗೂ ಪರವಾನಗಿ ಬೇಕಾಗಿಲ್ಲ. ಬೇಲಿ ಸರಿಪಡಿಸುವುದು, ದನಗಳ ಮೇವಿನ ಕಾಲವನ್ನು ಬದಲಿಸುವುದು, ಕಳೆಯನ್ನು ಕೈಯಿಂದ ಕೀಳುವುದು ಇವುಗಳಲ್ಲಿ ನೀರಿಗೆ ಏನನ್ನೂ ಸೇರಿಸುವುದಿಲ್ಲ. ಆದರೆ ನೀರಿನಲ್ಲಿರುವ ಕಳೆಗೆ ಸಸ್ಯನಾಶಕ ಸಿಂಪಡಿಸಲು ಪ್ರತ್ಯೇಕ ಪರವಾನಗಿ ಬೇಕು, ಹುಲ್ಲುಗಾವಲಿಗೆ ನುಗ್ಗಿದ ಪೈನ್ ಮರಗಳನ್ನು ಯಂತ್ರಗಳಿಂದ ಕಡಿದು ಸಾಗಿಸುವುದು ಮರಕಡಿತಕ್ಕೆಂದೇ ಇರುವ ಬೇರೆ ಆದೇಶಗಳ ಅಡಿಯಲ್ಲಿ ಬರಬಹುದು. ಮೋರಿಯ ಬಾಯಿಗೆ ಸಿಕ್ಕಿಕೊಂಡ ಕೊಂಬೆಗಳನ್ನು ಕೈಯಿಂದ ಎಳೆದು ತೆಗೆಯುವುದಕ್ಕೂ, ಯಂತ್ರವನ್ನು ಪಾತ್ರಕ್ಕಿಳಿಸಿ ಹೂಳೆತ್ತುವುದಕ್ಕೂ ಕಾನೂನಿನಲ್ಲಿ ಬಹಳ ಅಂತರವಿದೆ. ಎರಡನೆಯದು ಬೇಕಾಗಬಹುದು ಎನಿಸಿದರೆ ಅದನ್ನೂ ನಿರ್ವಹಣೆಯ ಅಧ್ಯಾಯಕ್ಕೆ ಸೇರಿಸಿ.

ಅನುಮತಿ ಬಂದ ಮೇಲೆ ಅದರ ಷರತ್ತುಗಳನ್ನು ಗುತ್ತಿಗೆದಾರರ ಕರಾರಿಗೆ ಲಗತ್ತಿಸಿ, ಒಂದು ಪ್ರತಿ ಸ್ಥಳದಲ್ಲೇ ಇರಲಿ. ಕೆಲಸ ಆರಂಭವಾಗುವ ಮುನ್ನ ಮತ್ತು ಮುಗಿದ ಮೇಲೆ ಮಂಡಳಿಗೆ ಸೂಚನೆ ಕಳಿಸಬೇಕು. ನಿಗಾ ವರದಿಗಳು ಷರತ್ತಿನಲ್ಲಿ ಹೇಳಿದ ದಿನಾಂಕದೊಳಗೆ ಹೋಗಬೇಕು. ಛಾಯಾಚಿತ್ರದ ಬಿಂದುಗಳನ್ನು ಕಬ್ಬಿಣದ ಗೂಟಗಳಿಂದ ಗುರುತಿಸಿ, ಪ್ರತಿ ವರ್ಷ ಅದೇ ವಾರದಲ್ಲಿ, ಅದೇ ದಿಕ್ಕಿಗೆ ಚಿತ್ರ ತೆಗೆಯಿರಿ. ಅಂತರ್ಜಲ ಅಳೆಯುವ ಕೊಳವೆಗಳನ್ನು ನಿರ್ಮಾಣಕ್ಕೆ ಕನಿಷ್ಠ ಒಂದು ಬೇಸಿಗೆ ಮೊದಲೇ ಇಳಿಸಿರಬೇಕು. ಇಲ್ಲದಿದ್ದರೆ ನೀರು ಮೇಲೇರಿತೆಂದು ತೋರಿಸಲು ಹಿಂದಿನ ಮಟ್ಟದ ದಾಖಲೆಯೇ ಇರುವುದಿಲ್ಲ. ನಿರ್ವಹಣಾ ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮುಂಚಿತವಾಗಿ ಈ ದಾಖಲೆಗಳನ್ನು ಜೊತೆಗಿಟ್ಟು, ಅವಧಿ ವಿಸ್ತರಣೆ ಬೇಕೇ ಎಂಬುದನ್ನು ಮಂಡಳಿಯ ಸಿಬ್ಬಂದಿಯೊಂದಿಗೆ ಚರ್ಚಿಸಿ.